ವಿಭೂತಿ ತಿಕ್ಕಿದ ಬೆಳ್ಳಿ

"ತಿಕ್ಕಿದೆ ಅಂದ್ರೆ? ಏನು ಹಾಕಿ ತಿಕ್ಕಿದೆ?"

ನಾಗರತ್ನ ಕೇಳಿದ್ದಕ್ಕೆ ಈಶ್ವರಮ್ಮ ತಲೆ ಎತ್ತಲಿಲ್ಲ. ಅಗೆದು ಗುಡ್ಡೆ ಹಾಕಿದ್ದ ಮಣ್ಣಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಕತ್ತರಿಸಿ ಬಿದ್ದಿದ್ದ ರೇಷ್ಮೆ ಎಳೆಗಳನ್ನು ಆರಿಸಿ ಆರಿಸಿ ಮೊಣಕೈಗೆ ಸುತ್ತಿಕೊಳ್ಳುತ್ತಿದ್ದಳು.

ಮೊಳಕಾಲ್ಮೂರಿನ ಆ ಮನೆಯ ಒಳಕೋಣೆಯಲ್ಲಿ ನೆಲವೆನ್ನುವುದೇ ಉಳಿದಿರಲಿಲ್ಲ. ಇನ್ನಷ್ಟು ನಿಧಿ ಇದ್ದೀತೆಂದು ಹುಡುಕಲು ಬಂದ ಪೊಲೀಸರು ಮೂರು ದಿನ ಅಗೆದಿದ್ದರು. ಮಗ್ಗ ಅಡ್ಡ ಬಂತೆಂದು ಅರ್ಧ ನೇಯ್ದಿದ್ದ ಸೀರೆಯ ಹಾಸನ್ನು ಕುಡುಗೋಲಿನಲ್ಲಿ ಕೊಯ್ದಿದ್ದರು. ಹನ್ನೆರಡು ದಿನದ ನೇಯ್ಗೆ. ಅಗೆದವರಲ್ಲಿ ಒಬ್ಬನಾದರೂ ಹೆಂಡತಿಗೆ ರೇಷ್ಮೆ ಸೀರೆ ತಂದವನಿರಬೇಕಲ್ಲ, ಕೊಯ್ಯಲು ಅವನಿಗೆ ಕೈ ಹೇಗೆ ಬಂತು ಎಂದು ನಾಗರತ್ನಳಿಗೆ ಬೆಳಗಿನಿಂದ ಮೈ ಉರಿಯುತ್ತಿತ್ತು.

ಇಪ್ಪತ್ತಾರು ವರ್ಷ ಪೊಲೀಸ್ ಕೆಲಸ ಮಾಡಿ ಬಿಟ್ಟು ಬಂದವಳು ಅವಳು. ಈಗ ಚಳ್ಳಕೆರೆಯ ವಕೀಲ ಸಂಗಮೇಶರ ಕೇಸುಗಳಿಗೆ ಸಾಕ್ಷಿ ಹುಡುಕಿಕೊಂಡು ಓಡಾಡುತ್ತಾಳೆ. ಈ ಕೇಸು ಹೇಳುವುದಕ್ಕೆ ಚಿಕ್ಕದು. ಈಶ್ವರಮ್ಮನ ಗಂಡ ಚಿತ್ತಯ್ಯ ಜನವರಿ ಒಂಬತ್ತರಂದು ಹೊಸ ಮಗ್ಗಕ್ಕೆ ಗುಂಡಿ ತೋಡುವಾಗ ನಾಣ್ಯದ ಕುಡಿಕೆ ಸಿಕ್ಕಿತು, ತಾನಾಗಿಯೇ ಒಪ್ಪಿಸಿದ. ಅಧಿಕಾರಿಗಳ ಮುಂದೆ ಗಂಟಿನ ಸೀಲು ಒಡೆದಾಗ ಒಳಗಿದ್ದದ್ದು ಹಸಿರು ಹಿಡಿದ ಮೂವತ್ತೊಂದು ಕಂಚಿನ ರೋಮನ್ ನಾಣ್ಯ. ಬೆಳ್ಳಿ ಸಿಕ್ಕಿತೆಂದು ಓಣಿಯಲ್ಲೆಲ್ಲ ಹೇಳಿಕೊಂಡಿದ್ದವನೂ ಚಿತ್ತಯ್ಯನೇ. ಬೆಳ್ಳಿ ಬಚ್ಚಿಟ್ಟು ಕಂಚು ಕೊಟ್ಟವನೆಂದು ಹದಿನಾರು ದಿನದಿಂದ ಜೈಲಿನಲ್ಲಿದ್ದ. ನಾಳೆ ಹನ್ನೊಂದು ಗಂಟೆಗೆ ಜಾಮೀನು ಅರ್ಜಿಯ ವಿಚಾರಣೆ.

"ಹೇಳು ಈಶ್ವರಮ್ಮ. ಏನು ಹಾಕಿ ತಿಕ್ಕಿದೆ?"

"ವಿಭೂತಿ."

"ಯಾಕೆ?"

"ಯಾಕಂದ್ರೆ ಏನಕ್ಕ? ಕರ್ರಗಿದ್ವು. ದೇವ್ರು ಕೊಟ್ಟ ಬೆಳ್ಳಿನ ಹಂಗೇ ಒಪ್ಪಿಸಾಕಾಗ್ತದಾ? ಮೊರದಾಗೆ ಹಾಕ್ಕೊಂಡು ಒಂದೊಂದೇ ತಿಕ್ಕಿದೆ. ಫಳಫಳ ಅಂದ್ವು."

"ತಾಮ್ರವೋ ಕಂಚೋ ಆಗಿದ್ರೆ?"

ಈಶ್ವರಮ್ಮ ಆಗ ತಲೆ ಎತ್ತಿದಳು. ಮನೆಗೆಲಸ ಕಲಿಯದೆ ಗಂಡನ ಮನೆಗೆ ಬಂದ ಸೊಸೆಯನ್ನು ಅತ್ತೆ ನೋಡುವ ಹಾಗೆ ನೋಡಿದಳು. "ಅದಕ್ಕೆ ಹುಣಸೆಹಣ್ಣು. ತಾಮ್ರಕ್ಕೆ ಯಾರಾನ ವಿಭೂತಿ ಹಾಕ್ತಾರಾ? ನಿಮ್ಮನೇಲಿ ಹಾಕ್ತೀರಾ?"

ನಾಗರತ್ನ ಇಲ್ಲವೆಂದು ತಲೆಯಾಡಿಸಿದಳು. ಹದಿನಾರು ದಿನದಿಂದ ಅವಳು ಹುಡುಕುತ್ತಿದ್ದ ಮಾತು ಈ ಮೊರದಲ್ಲೇ ಬಿದ್ದಿತ್ತು. ಕೋರ್ಟಿನಲ್ಲಿ ತೋರಿಸಿದ ನಾಣ್ಯಗಳನ್ನು ಅವಳೇ ಹತ್ತಿರದಿಂದ ನೋಡಿದ್ದಳು. ಕೆರೆಯ ಪಾಚಿಯಂಥ ಹಸಿರು, ಅದರ ಮೇಲೊಂದು ಮಂಕು ಹೊಳಪು. ವಿಭೂತಿ ಕಂಡ ನಾಣ್ಯಗಳಲ್ಲ ಅವು. ಅವುಗಳನ್ನು ಕಟ್ಟಿದ್ದ ಬಟ್ಟೆಯಲ್ಲಿ ಅಲ್ಲಲ್ಲಿ ಎಣ್ಣೆಯ ಕಲೆಯಿತ್ತು. ಯಾರೋ ಮೆಣಸಿನಕಾಯಿ ಬಜ್ಜಿ ತಿಂದ ಕೈಯಲ್ಲೇ ಸರ್ಕಾರದ ಸೀಲು ಒತ್ತಿದ್ದಾರೆ ಎಂದು ಆವತ್ತು ಬೈದುಕೊಂಡಿದ್ದಳು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ನಾಗೇಂದ್ರಪ್ಪನೋರು ಬ್ಯಾಡ ಅಂದ್ರು."

"ಯಾವ ನಾಗೇಂದ್ರಪ್ಪ? ನೇಕಾರರ ಸಂಘದ ಕಾರ್ಯದರ್ಶಿನಾ?"

"ಹ್ಞೂಂ. ಆವತ್ತು ಸಂಜೆ ಅವರ ಕೈಗೇ ಕೊಟ್ಟಿದ್ದು. ನಮಗೆ ಆಫೀಸು ಗೀಫೀಸು ಏನ್ ತಿಳೀತದೆ? ಬಂದ್ರು, ಮೊರದಾಗಿದ್ದಿದ್ದು ನೋಡಿದ್ರು. ಏನೇ ಇದು, ತಿಕ್ಕಿಬಿಟ್ಟೀಯಲ್ಲೇ, ಹಳೇ ನಾಣ್ಯ ತಿಕ್ಕಿದ್ರೆ ಮೂರು ವರ್ಷ ಒಳಗೆ ಹಾಕ್ತಾರೆ, ಯಾರ ಹತ್ರನೂ ಬಾಯಿ ಬಿಡಬ್ಯಾಡ ಅಂದ್ರು. ಬಟ್ಟೇಲಿ ಕಟ್ಕೊಂಡು ಹೋದ್ರು. ಮಾರನೇ ದಿನ ಸೀಲು ಹಾಕ್ಸಿ ಕೊಟ್ರಂತೆ."

ನಾಗರತ್ನ ಎದ್ದು ನಿಂತಳು. ಕೂತಿರಲು ಆಗಲಿಲ್ಲ. ನಾಣ್ಯ ತಿಕ್ಕಿದ ಹೆಣ್ಣನ್ನು ಹೆದರಿಸಿ ಬಾಯಿ ಮುಚ್ಚಿಸಿ, ಒಂದು ರಾತ್ರಿ ಇಡೀ ಗಂಟನ್ನು ತನ್ನಲ್ಲಿಟ್ಟುಕೊಂಡ ಮನುಷ್ಯ ಸಂಘದ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದಾನೆ. ಕೈಯಾರೆ ಒಪ್ಪಿಸಿದವನು ಜೈಲಿನ ಚಾಪೆಯ ಮೇಲಿದ್ದಾನೆ. ತಪ್ಪು ಮಾಡದವರು ತಪ್ಪಿಗೆ ಹೆದರುವುದನ್ನು ಅವಳು ಖಾಕಿ ಹಾಕಿದ್ದಾಗಲೂ ನೋಡಿದ್ದಳು. ಆಗಲೂ ಹೀಗೇ ಉರಿಯುತ್ತಿತ್ತು. ಆಗ ಸಲ್ಯೂಟು ಹೊಡೆದು ನುಂಗಬೇಕಿತ್ತು, ಈಗ ಅದೊಂದು ಇಲ್ಲ.

"ನಾಣ್ಯದ ಮೇಲೆ ಏನಿತ್ತು, ನೆನಪೈತಾ?"

"ಬುಟ್ಟಾ ನೋಡೋ ಕಣ್ಣಕ್ಕ ನಮ್ದು, ಮರೀತದಾ?" ಈಶ್ವರಮ್ಮ ಒದ್ದೆ ಮಣ್ಣಿನ ಮೇಲೆ ಬೆರಳಾಡಿಸಿದಳು. "ಈ ಮಗ್ಗುಲಿಗೆ ಗಂಡಸಿನ ತಲೆ. ತಲೆ ಸುತ್ತ ಎಲೆ ಕಟ್ಟಿದಂಗೆ, ಹಿಂದೆ ಎರಡು ದಾರ ಇಳಿಬಿಟ್ಟವರೆ. ಆ ಮಗ್ಗುಲಿಗೆ ಒಬ್ಳು ಹೆಂಗಸು, ಕುರ್ಚಿ ಮ್ಯಾಗೆ ಕುಂತವ್ಳೆ. ಕೈಯಾಗೆ ಒಂದು ರೆಂಬೆ. ಮೂವತ್ತೊಂದ್ರಾಗೂ ಅದೇ ಹೆಂಗಸು."

ಕೋರ್ಟಿನ ಗಂಟಿನಲ್ಲಿ ಕೂತ ಹೆಂಗಸು ಒಬ್ಬಳೂ ಇರಲಿಲ್ಲ. ಒಂದರಲ್ಲಿ ಬೆಟ್ಟ, ಒಂದರಲ್ಲಿ ಟಗರು, ಕೆಲವದರಲ್ಲಿ ಗುಡಿ, ಮತ್ತೆ ಕೆಲವದರಲ್ಲಿ ಬರೀ ದಪ್ಪ ಅಕ್ಷರ.

"ನಾಳೆ ಇದನ್ನೆಲ್ಲ ಜಡ್ಜ್ ಮುಂದೆ ಹೇಳ್ತೀಯಾ?"

"ನನ್ನ ಒಳಗೆ ಹಾಕಲ್ವಾ?"

"ಬೆಳ್ಳಿ ತಿಕ್ಕಿದೋರನ್ನ ಒಳಗೆ ಹಾಕೋದಾದ್ರೆ ಈ ಜಿಲ್ಲೇಲಿ ಹೆಂಗಸರೇ ಉಳಿಯಲ್ಲ."

ಈಶ್ವರಮ್ಮ ನಗಲಿಲ್ಲ. ನಾಗರತ್ನ ಚೀಲದಿಂದ ವಕಾಲತ್ತಿನ ಕಾಗದ ತೆಗೆದು ತೋರಿಸಿದಳು. ನಿನ್ನೆಯಷ್ಟೇ ಜೈಲಿಗೆ ಹೋಗಿ ಚಿತ್ತಯ್ಯನ ಸಹಿ ಹಾಕಿಸಿ ತಂದಿದ್ದಳು. ತೆಲುಗಿನ ದುಂಡನೆಯ ಅಕ್ಷರ, ಕೊನೆಯ ಅಕ್ಷರದ ಬಾಲ ಇಡೀ ಹೆಸರಿನ ಅಡಿಗೆ ಹಾದು ಹಿಂದಕ್ಕೆ ಬಂದಿತ್ತು.

"ಚೆನ್ನಾಗಿದ್ದಾನೆ. ಊಟ ಮಾಡ್ತಿದ್ದಾನೆ. ನೋಡು, ಕೈ ನಡುಗಿಲ್ಲ."

ಈಶ್ವರಮ್ಮ ಆ ಬಾಲದ ಮೇಲೆ ಬೆರಳು ಎಳೆದಳು. "ಯಾವಾಗ್ಲೂ ಹಿಂಗೇ. ಲಾಳಿ ಎಸೆದಂಗೆ ಎಸೀತಾನೆ." ಆಮೇಲೆ ಕಾಗದ ಹಿಂದಕ್ಕೆ ಕೊಟ್ಟಳು. "ನನ್ನ ಮಾತು ಕೇಳಿದ್ದಿದ್ರೆ ಈ ಗತಿ ಬರ್ತಿತ್ತಾ? ಕಿಟಕಿ ತಾವ ಹಾಕು ಮಗ್ಗನ ಅಂದೆ. ಇಲ್ಲ, ಈ ಮೂಲೇನೇ ಆಗಬೇಕು ಅಂದ. ಇಲ್ಲಿ ಮಧ್ಯಾಹ್ನಕ್ಕೂ ದೀಪ ಬೇಕು. ಕತ್ಲಾಗೆ ಜರಿ ಎಳೆ ಕಾಣ್ತದಾ? ದೇವುಡಾ."

ಗಂಡ ಜೈಲಿನಲ್ಲಿರುವ ಹೆಂಡತಿ ಬೈಯುವುದಕ್ಕೆ ಏನು ಸಿಕ್ಕರೂ ಬೈಯುತ್ತಾಳೆ. ನಾಗರತ್ನ ಅವಳ ಬೆನ್ನು ಸವರಿದಳು. ಹೊರಡುವ ಮುಂಚೆ, ಬೂಟುಕಾಲಿನ ಅಚ್ಚು ಬಿದ್ದು ಚೆಲ್ಲಾಡಿದ್ದ ಗ್ರಾಫ್ ಹಾಳೆಗಳನ್ನು ಆರಿಸಿ ಜೋಡಿಸಿ ಕೊಟ್ಟಳು. ಆ ಮನೆ ನೇಯ್ದ ವಿನ್ಯಾಸಗಳೆಲ್ಲ ಅದರಲ್ಲಿದ್ದವು. ಮಾವಿನಕಾಯಿ, ನವಿಲು, ರುದ್ರಾಕ್ಷಿ, ಗುಡಿಯ ಅಂಚು, ಕಮಲ. ಎಷ್ಟು ಅಂದವಾಗಿ ಬಣ್ಣ ತುಂಬಿದ್ದಾರೆ ಎಂದುಕೊಂಡಳು, ಅಷ್ಟೆ.

ಬಸ್ಸು ಬಿ.ಜಿ. ಕೆರೆಯಲ್ಲಿ ನಿಂತಾಗ ಸಂಗಮೇಶರಿಗೆ ಫೋನು ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು.

"ಹೆಂಡತಿ ಗಂಡನ ಪರ ಹೇಳೋದು ಸಹಜ ಅಂತಾರೆ. ಇದಕ್ಕೆ ಊರುಗೋಲು ಬೇಕು ನಾಗರತ್ನ. ಆ ಕಂಚು ಎಲ್ಲಿಂದ ಬಂತು ಅಂತ ಹೇಳೋರು ಬೇಕು."

"ಅದಕ್ಕೇ ಹೊರಟಿದ್ದೀನಿ. ಎಣ್ಣೆ ಮಿಲ್ಲಿಗೆ."

ಚಳ್ಳಕೆರೆಯಲ್ಲಿ ರೋಮನ್ ನಾಣ್ಯದ ವಿಷಯ ತಿಳಿದವರು ಒಬ್ಬರೇ. ಎಣ್ಣೆ ಮಿಲ್ಲಿನ ಶಿವಮೂರ್ತಪ್ಪ. ಅರವತ್ತು ದಾಟಿದ, ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ. ಗಂಟಿನ ಸೀಲು ಒಡೆದ ದಿನ ತಜ್ಞರೆಂದು ಕರೆಸಿದ್ದು ಅವರನ್ನೇ. ಕಂಚು, ರೋಮನ್ನರ ಕಾಲದ್ದು ಎಂದು ಎರಡೇ ಸಾಲು ಬರೆದು ಸಹಿ ಹಾಕಿ ಎದ್ದು ಬಂದಿದ್ದರು.

ಮಿಲ್ಲಿನ ಹಿಂದಿನ ಮನೆಯಲ್ಲಿ ಅವರು ಅವಳನ್ನು ಮರ್ಯಾದೆಯಿಂದಲೇ ಕೂರಿಸಿದರು. ಹುರಿದ ಕಡಲೆಕಾಯಿಯ ತಟ್ಟೆ ಬಂತು, ಟೀ ಬಂತು.

"ಕಂಚಿನ ನಾಣ್ಯಗಳ ಬಗ್ಗೆ ತಿಳ್ಕೊಳ್ಳೋಣ ಅಂತ ಬಂದೆ ಸಾರ್. ನಮಗೆ ರೋಮ್ ಅಂದ್ರೆ ಎಲ್ಲಾ ಒಂದೇ."

ಸಂಗ್ರಹಕಾರನಿಗೆ ಇಷ್ಟು ಸಾಕು. ಶಿವಮೂರ್ತಪ್ಪನವರ ಮುಖ ಬೆಳಗಿತು. ಗೋಡೆಯ ಬೀರು ತೆರೆದು, ಕೆಂಪು ಮಖಮಲ್ಲಿನ ಗುಳಿಗಳಲ್ಲಿ ನಾಣ್ಯ ಕೂರಿಸಿದ್ದ ಒಂದು ಡ್ರಾಯರನ್ನು ಹೊರಗೆಳೆದರು.

"ಎಲ್ಲಾ ಒಂದೇ ಅಲ್ಲ ನೋಡ್ರಿ, ಅಲ್ಲೇ ಇರೋದು ಮಜಾ. ರಾಜಧಾನಿಯ ಬೆಳ್ಳಿ ಬೇರೆ, ಪ್ರಾಂತ್ಯದ ನಾಣ್ಯ ಬೇರೆ. ರೋಮ್ ಗೆದ್ದ ಪೂರ್ವದ ಸೀಮೇಲಿ ಐನೂರಕ್ಕೂ ಮೇಲೆ ಊರುಗಳು ತಮ್ಮ ತಮ್ಮ ಚಿಲ್ಲರೆ ತಾವೇ ಹೊಡೀತಿದ್ವು. ಸುಮಾರು ಮುನ್ನೂರು ವರ್ಷ. ಒಂದು ಕಡೆ ಚಕ್ರವರ್ತಿ ಮುಖ, ಅದು ಅವನಿಗೆ ತೋರಿಸೋ ಮರ್ಯಾದೆ. ಇನ್ನೊಂದು ಕಡೆ ಊರಿನ ದೇವರು, ಊರಿನ ಗುಡಿ, ಊರಿನ ಬೆಟ್ಟ. ಅಕ್ಷರ ಲ್ಯಾಟಿನ್ ಅಲ್ಲ, ಹೆಚ್ಚಿನವು ಗ್ರೀಕು. ನಮ್ಮನ್ನ ಆಳು, ಆದ್ರೆ ನಮ್ಮ ದೇವರನ್ನ ಬಿಡಲ್ಲ ಅಂದಂಗೆ."

"ಬೆಟ್ಟ ಅಂದ್ರಲ್ಲ?"

"ಕಪ್ಪದೋಕ್ಯದ ಕೈಸರೇಯ ಅನ್ನೋ ಊರು. ಆ ಊರಿನ ಬೆಟ್ಟವೇ ಅವರಿಗೆ ದೇವರು. ನಮಗೆ ಬ್ರಹ್ಮಗಿರಿ ಇದ್ದಂಗೆ. ಟಗರು ಇದ್ರೆ ಅದು ಅಂತಿಯೋಕ್ಯದ್ದು."

"ಬೆಟ್ಟದ ನಾಣ್ಯ ತಗೊಂಡು ಪಕ್ಕದೂರಿಗೆ ಹೋದ್ರೆ ಸಾಮಾನು ಕೊಡ್ತಿದ್ರಾ?"

"ಪಕ್ಕದೂರಲ್ಲಿ ಕೊಟ್ಟರೆ ಅದೇ ಹೆಚ್ಚು. ರೊಟ್ಟಿ, ತರಕಾರಿ, ಸ್ನಾನದ ಮನೆಗೆ ಕೊಡೋ ಚಿಲ್ಲರೆ ಅದು. ಸಮುದ್ರ ದಾಟಿ ಮೆಣಸು ಕೊಳ್ಳೋಕೆ ಬಂದೋರು ತಂದಿದ್ದು ಬೆಳ್ಳಿ, ಬಂಗಾರ. ಚಂದ್ರವಳ್ಳೀಲಿ ಅಗೆದಾಗ ಸಿಕ್ಕಿದ್ದೂ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿನೇ."

"ಟೈಬೀರಿಯಸ್‌ದು ಹೆಂಗಿರ್ತದೆ ಸಾರ್?"

"ತಲೆಗೆ ಎಲೆ ಕಿರೀಟ. ಹಿಂದುಗಡೆ ಹೆಂಗಸು, ಪೀಠದ ಮೇಲೆ ಕೂತು ಕೈಯಲ್ಲಿ ರೆಂಬೆ ಹಿಡ್ಕೊಂಡು..."

ಮಾತು ಅಲ್ಲಿಗೆ ನಿಂತಿತು. ನಾಗರತ್ನ ಟೀ ಲೋಟ ಕೆಳಗಿಟ್ಟಿದ್ದಳು.

"ಮೊಳಕಾಲ್ಮೂರಿನ ನೇಕಾರ ಹೆಂಗಸು, ಪುಸ್ತಕ ಮುಟ್ಟದವಳು, ಬೆಳಿಗ್ಗೆ ನನಗೆ ಇದೇ ಹೆಂಗಸನ್ನ ಮಣ್ಣಲ್ಲಿ ಬರೆದು ತೋರಿಸಿದಳು. ಮೂವತ್ತೊಂದೂ ಬೆಳ್ಳಿ. ವಿಭೂತಿ ಹಾಕಿ ತಿಕ್ಕಿ ಕೊಟ್ಟಿದ್ದಾಳೆ. ಇನ್ನೊಂದು ಊರಿನ ತರಕಾರಿ ಚಿಲ್ಲರೆ ಅವಳ ಮನೆ ನೆಲದೊಳಗೆ ಯಾರು ತಂದು ಹೂಳ್ತಾರೆ ಸಾರ್? ನೀವೇ ಹೇಳಿದ್ದಲ್ವಾ, ಪಕ್ಕದೂರಲ್ಲೂ ನಡೆಯಲ್ಲ ಅಂತ. ಸೀಲು ಒಡೆದ ದಿನ ಈ ಮಾತು ಯಾಕೆ ಬರೀಲಿಲ್ಲ?"

"ನನ್ನ ಕೇಳಿದ್ದು ಲೋಹ ಯಾವುದು, ಕಾಲ ಯಾವುದು ಅಂತ. ಅಷ್ಟಕ್ಕೆ ಬರ್ದೆ."

"ಚೆನ್ನಾಗೈತೆ."

ಅವಳು ಕೈ ಚಾಚಿ ಡ್ರಾಯರಿನಿಂದ ಒಂದು ನಾಣ್ಯ ತೆಗೆದುಕೊಂಡಳು. ಅದೇ ಪಾಚಿ ಹಸಿರು, ಅದೇ ಮಂಕು ಹೊಳಪು. ಬೆರಳಿಗೆ ಜಿಡ್ಡು ಹತ್ತಿತು. ಮೂಗಿನ ಹತ್ತಿರ ಹಿಡಿದಳು.

"ಇದೇನು ಸಾರ್ ವಾಸನೆ?"

"ಎಣ್ಣೇಲಿ ನೆನೆಸಿಡ್ತೀನಿ. ಮಣ್ಣಿನ ಗಟ್ಟಿ ಬಿಡ್ಲಿ ಅಂತ. ಪುಸ್ತಕದಲ್ಲಿ ಆಲಿವ್ ಎಣ್ಣೆ ಅಂತ ಬರೆದಿರ್ತಾರೆ." ಅವರು ನಗಲು ನೋಡಿದರು. "ಎಣ್ಣೆ ಮಿಲ್ಲಿಟ್ಟುಕೊಂಡು ಅದನ್ನೆಲ್ಲಿ ಹುಡುಕ್ಲಿ? ಗಾಣದ ಕಡಲೆಕಾಯಿ ಎಣ್ಣೆ."

"ಕೋರ್ಟಿನಲ್ಲಿರೋ ಗಂಟಿನ ಬಟ್ಟೆ ತುಂಬ ಎಣ್ಣೆ ಕಲೆ. ಎರಡು ಸಾವಿರ ವರ್ಷ ನೆಲದೊಳಗಿದ್ದ ನಾಣ್ಯಕ್ಕೆ ಚಳ್ಳಕೆರೆ ಕಡಲೆಕಾಯಿ ಎಣ್ಣೆ ಯಾರು ಸವರಿದ್ರು?"

ಶಿವಮೂರ್ತಪ್ಪನವರ ಕಣ್ಣು ಬೀರುವಿನ ಕಡೆ ಹೋಗಿ ಬಂತು. ನಾಗರತ್ನ ಎದ್ದು, ಅವರು ಮುಟ್ಟದೆ ಬಿಟ್ಟಿದ್ದ ಕೆಳಗಿನ ಡ್ರಾಯರನ್ನು ತಾನೇ ಎಳೆದಳು.

ಮಖಮಲ್ಲಿನ ಮೇಲೆ ಎಣ್ಣೆ ಇಂಗಿದ ದುಂಡು ದುಂಡು ಗುರುತು. ಗುಳಿಗಳ ಕೆಳಗೆ ನೀಲಿ ಮಸಿಯಲ್ಲಿ ಊರುಗಳ ಹೆಸರು. ಕೈಸರೇಯ. ಅಂತಿಯೋಕ್ಯ. ನಾಣ್ಯ ಮಾತ್ರ ಒಂದೂ ಇಲ್ಲ. ಅವಳು ಬೆರಳಿಟ್ಟು ಎಣಿಸಿದಳು. ಮೂವತ್ತೊಂದು.

"ನಿಮ್ಮವು."

"ಹೌದು."

"ಸೀಲು ಒಡೆದ ಕ್ಷಣವೇ ಗೊತ್ತಾಯ್ತು."

"ನನ್ನ ಕೈಯಾರೆ ತೊಳೆದ ನಾಣ್ಯ ನನಗೆ ಗೊತ್ತಾಗಲ್ವೇನ್ರಿ?"

ನಾಗರತ್ನಳ ದನಿ ಏರಲಿಲ್ಲ. ಏರಿದ್ದರೆ ಶಿವಮೂರ್ತಪ್ಪನವರಿಗೂ ಸಲೀಸಾಗುತ್ತಿತ್ತೇನೋ.

"ಹದಿನಾರು ದಿನ ಸಾರ್. ನೀವು ದಿನಾ ಬೆಳಿಗ್ಗೆ ಎದ್ದು, ವಿಭೂತಿ ಹಚ್ಚಿಕೊಂಡು, ಪೂಜೆ ಮಾಡಿ, ಈ ಕುರ್ಚೀಲಿ ಕೂತು ಕಡಲೆಕಾಯಿ ತಿಂದಿದ್ದೀರಿ. ಅಲ್ಲಿ ಅವನ ಮನೆ ನೆಲ ಕಿತ್ತುಹಾಕಿದ್ರು. ಹಾಸು ಕೊಯ್ದ್ರು. ಆ ಹೆಂಗಸು ಕತ್ತರಿಸಿದ ಎಳೆ ಆರಿಸ್ಕೊಂಡು ಕೂತವಳೆ. ಓಣಿಯೋರು ನೀರಿಗೆ ಹೋದಾಗ ಕಳ್ಳನ ಹೆಂಡ್ತಿ ಅಂತಾರೆ. ನಿಮ್ಮ ಬಾಯಿಂದ ಒಂದೇ ಮಾತು ಬಂದಿದ್ರೆ ಸಾಕಿತ್ತು. ಇವು ನನ್ನವು. ಎರಡು ಪದ. ಯಾಕೆ ಬರ್ಲಿಲ್ಲ? ಹೊರದೇಶದಿಂದ ತರಿಸಿದ್ದಕ್ಕೆ ಕಾಗದಪತ್ರ ಸರಿಯಿಲ್ಲ, ಅದಕ್ಕೇ ತಾನೆ?"

"ಅದೂ ಒಂದು," ಎಂದರು ಶಿವಮೂರ್ತಪ್ಪ ಮೆಲ್ಲಗೆ.

"ನಾಗೇಂದ್ರಪ್ಪನಿಗೆ ಎಷ್ಟಕ್ಕೆ ಕೊಟ್ರಿ?"

"ಯಾವ ನಾಗೇಂದ್ರಪ್ಪ?"

"ನೇಕಾರರ ಸಂಘದವನು. ನಾಟಕ ಬ್ಯಾಡ. ನಾಳೆ ಹನ್ನೊಂದಕ್ಕೆ ನೀವು ಕೋರ್ಟಿಗೆ ಬರ್ತೀರಿ. ಈ ನಾಣ್ಯ ನನ್ನವು, ಇಂಥವರ ಕೈಗೆ ಕೊಟ್ಟಿದ್ದೆ ಅಂತ ಹೇಳ್ತೀರಿ. ಬರದಿದ್ರೆ ಈ ಡ್ರಾಯರನ್ನೇ ಹೊತ್ಕೊಂಡು ಹೋಗ್ತೀನಿ."

"ಆ ಮನುಷ್ಯನ ಮುಖ ನಾನು ನೋಡಿಲ್ಲ." ಶಿವಮೂರ್ತಪ್ಪ ಬೀರುವಿನ ಮೇಲಿದ್ದ ದಪ್ಪ ಪುಸ್ತಕವೊಂದನ್ನು ಇಳಿಸಿ, ಅದರ ನಡುವಿನಿಂದ ಮಡಿಸಿದ ಒಂದು ಚೀಟಿ ತೆಗೆದರು. ಕೊಡಲು ಹೋಗಿ ಕೈ ಹಿಂದೆ ಎಳೆದುಕೊಂಡರು. "ಬೈದ್ರಿ, ಬೈಸಿಕೊಂಡೆ. ನನ್ನ ಭಯ ನನಗಿತ್ತು, ಇಲ್ಲ ಅನ್ನಲ್ಲ. ಆದ್ರೆ ನಾನು ಬಾಯಿ ಬಿಟ್ಟಿದ್ರೆ ಇದನ್ನೂ ತೋರಿಸಬೇಕಾಗ್ತಿತ್ತು. ಪೇಪರಿನಲ್ಲಿ ಅವನ ಹೆಸರು ನೋಡಿದ ದಿನವೇ ತೆಗೆದು ನೋಡ್ದೆ. ಸುಟ್ಟುಬಿಡೋಣ ಅಂತಾನೂ ಅನ್ನಿಸ್ತು. ಸೀರೆಗೆ ಹೊಸ ವಿನ್ಯಾಸ ಮಾಡ್ತೀನಿ, ಕಾಸಿನ ಬುಟ್ಟಾ, ನೋಡಿ ಬರ್ಕೊಂಡು ವಾಪಸ್ ಕೊಡ್ತೀನಿ ಅಂದ. ಮೊಳಕಾಲ್ಮೂರು ನೇಕಾರ, ನನ್ನ ನಾಣ್ಯ ಸೀರೆ ಅಂಚಿಗೆ ಬರ್ತದೆ ಅಂದ್ರೆ ಯಾರಿಗೆ ಬ್ಯಾಡ? ಕೊಟ್ಟೆ. ಬರೆಸಿಕೊಂಡೆ."

ನಾಗರತ್ನ ಚೀಟಿ ಕಿತ್ತುಕೊಂಡಳು.

ಮೇಲೆ ಶಿವಮೂರ್ತಪ್ಪನವರ ಕೈಬರಹದ ಕನ್ನಡ. ಮೂವತ್ತೊಂದು ಕಂಚಿನ ನಾಣ್ಯ, ವಿನ್ಯಾಸದ ಸಲುವಾಗಿ. ತಾರೀಕು ಡಿಸೆಂಬರ್ ಇಪ್ಪತ್ತು. ಕುಡಿಕೆ ಸಿಗುವುದಕ್ಕೆ ಇಪ್ಪತ್ತು ದಿನ ಮುಂಚೆ.

ಕೆಳಗೆ ತೆಲುಗಿನ ದುಂಡನೆಯ ಸಹಿ. ಕೊನೆಯ ಅಕ್ಷರದ ಬಾಲ ಇಡೀ ಹೆಸರಿನ ಅಡಿಗೆ ಹಾದು, ಲಾಳಿ ಎಸೆದಂತೆ ಹಿಂದಕ್ಕೆ ಬಂದಿತ್ತು.

ವಕಾಲತ್ತಿನ ಕಾಗದ ಅವಳ ಚೀಲದಲ್ಲೇ ಇತ್ತು. ತೆಗೆದು ಪಕ್ಕದಲ್ಲಿಟ್ಟು ನೋಡುವ ಅಗತ್ಯವಿರಲಿಲ್ಲ. ಆದರೂ ಇಟ್ಟು ನೋಡಿದಳು. ಆ ಮನೆಯ ಗ್ರಾಫ್ ಹಾಳೆಗಳು ಕಣ್ಣ ಮುಂದೆ ಬಂದವು. ಮಾವಿನಕಾಯಿ, ನವಿಲು, ರುದ್ರಾಕ್ಷಿ, ಗುಡಿ, ಕಮಲ. ಕಾಸಿನ ಬುಟ್ಟಾ ಎಲ್ಲೂ ಇರಲಿಲ್ಲ. ಮಧ್ಯಾಹ್ನವೂ ದೀಪ ಬೇಕಾದ ಆ ಮೂಲೆ ನೆನಪಾಯಿತು. ಹೊಟ್ಟೆಪಾಡಿಗೆ ಜರಿ ಎಳೆ ನೋಡಬೇಕಾದ ಯಾವ ನೇಕಾರ ಕಿಟಕಿ ಬಿಟ್ಟು ಕತ್ತಲಲ್ಲಿ ಮಗ್ಗದ ಗುಂಡಿ ತೋಡುತ್ತಾನೆ? ಬೆಳ್ಳಿ ಅಲ್ಲಿರುವುದು ಡಿಸೆಂಬರಿನಲ್ಲೇ ಗೊತ್ತಿದ್ದವನು, ಎಣಿಸಿ ಅಷ್ಟೇ ಕಂಚು ತಂದವನು.

ಬಚ್ಚಿಡುವವನಾಗಿದ್ದರೆ ಓಣಿಗೆಲ್ಲ ಯಾಕೆ ಹೇಳಿದ? ಒಪ್ಪಿಸಿದ್ದಾದರೂ ಯಾಕೆ? ಬದಲಾಯಿಸಿದ ಅಪವಾದ ನಾಗೇಂದ್ರಪ್ಪನ ಮೇಲೆ ಬೀಳಲೆಂದೇ?

"ನಾಳೆ ಬರ್ತೀನ್ರಿ ಕೋರ್ಟಿಗೆ," ಎಂದರು ಶಿವಮೂರ್ತಪ್ಪ. ಅವರ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ನೀವೇ ಹೇಳ್ರಿ. ಬರ್ಲಾ?"

ಅಷ್ಟರಲ್ಲಿ ನಾಗರತ್ನಳ ಫೋನು ರಿಂಗಾಯಿತು. ಈಶ್ವರಮ್ಮ.

"ಅಕ್ಕ, ಆ ಎಣ್ಣೆ ಮಿಲ್ಲಿನೋರು ಒಪ್ಪಿದ್ರಾ? ನಾಳೆ ಬಿಡ್ತಾರಾ ನಮ್ಮೋರ್ನ?"

ಎಣ್ಣೆ ಮಿಲ್ಲಿಗೆ ಹೊರಟಿದ್ದನ್ನು ನಾಗರತ್ನ ಅವಳಿಗೆ ಹೇಳಿರಲಿಲ್ಲ. ಚೀಟಿಯ ಮೇಲಿನಿಂದ ಕಣ್ಣು ತೆಗೆಯದೆ ಕೇಳಿದಳು. "ಈಶ್ವರಮ್ಮ, ಡಿಸೆಂಬರಿನಲ್ಲಿ ನಿನ್ನ ಗಂಡ ಚಳ್ಳಕೆರೆಗೆ ಯಾಕೆ ಬಂದಿದ್ದ?"

ಆ ಕಡೆ ಫೋನನ್ನು ದೂರ ಹಿಡಿದು ಈಶ್ವರಮ್ಮ ಪಕ್ಕದಲ್ಲಿದ್ದ ಯಾರಿಗೋ ತೆಲುಗಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು.

"ಆಯಮ್ಮಕಿ ತೆಲಿಸಿಪೋಯಿಂದಿ."

ನಾಗರತ್ನಳಿಗೆ ಅಷ್ಟು ತೆಲುಗು ಬರುತ್ತಿತ್ತು. ಆಯಮ್ಮನಿಗೆ ಗೊತ್ತಾಗಿಹೋಯ್ತು.